ಅಡಗಿದ ಭಯ ಮರಳದಂತೆ: ಲ್ಯಾಬ್ ಇಲಿಗಳ ಎಕ್ಸ್‌ಟಿಂಕ್ಷನ್ ಪ್ರಯೋಗಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಇಲಿಗೆ ಒಂದು ಟೋನ್ ಕೇಳಿಸಿ, ಅದು ಮುಗಿಯುವ ಹೊತ್ತಿಗೆ ಕಾಲಿಗೆ ಸಣ್ಣ ಶಾಕ್ ಕೊಟ್ಟರೆ, ಮೂರು ಸಲಕ್ಕೇ ಪಾಠ ಕಲಿತುಬಿಡುತ್ತದೆ. ಮರುದಿನ ಬರೀ ಟೋನ್ ಕೇಳಿದರೂ ಇದ್ದಲ್ಲೇ ಮರಗಟ್ಟಿ ನಿಲ್ಲುತ್ತದೆ. ಉಸಿರಾಟ ಬಿಟ್ಟರೆ ಮೈಯಲ್ಲಿ ಬೇರೆ ಚಲನೆ ಇರುವುದಿಲ್ಲ. ಇದನ್ನೇ ಲ್ಯಾಬಿನಲ್ಲಿ ಫ್ರೀಜಿಂಗ್ ಎನ್ನುತ್ತೇವೆ. ಈಗ ಶಾಕ್ ಇಲ್ಲದೆ ಟೋನ್ ಒಂದನ್ನೇ ಮತ್ತೆ ಮತ್ತೆ ಕೇಳಿಸಿದರೆ ಫ್ರೀಜಿಂಗ್ ನಿಧಾನವಾಗಿ ಇಳಿಯುತ್ತದೆ. ಇಲಿ ಮೂಗು ಆಡಿಸುತ್ತಾ ಓಡಾಡಲು ಶುರು ಮಾಡುತ್ತದೆ. ಇದು ಎಕ್ಸ್‌ಟಿಂಕ್ಷನ್.

ತೊಂದರೆ ಬರುವುದು ಆಮೇಲೆ. ಒಂದು ತಿಂಗಳು ಬಿಟ್ಟು ಅಥವಾ ಬೇರೆ ಪೆಟ್ಟಿಗೆಯಲ್ಲಿ ಅದೇ ಟೋನ್ ಹಾಕಿದರೆ ಭಯ ಮತ್ತೆ ಎದ್ದು ಬರುತ್ತದೆ. ಆರಿಹೋದ ಪ್ರತಿಕ್ರಿಯೆ ಕಾಲ ಕಳೆದಂತೆ ಮರಳುವುದನ್ನು ನಾಯಿಗಳ ಜೊಲ್ಲಿನ ಪ್ರಯೋಗದಲ್ಲಿ ಪಾವ್ಲೋವ್ ಕಂಡಿದ್ದರು. ಹಳೆಯ ಕಲಿಕೆ ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದೇ ಇರುತ್ತದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ದಶಕಗಟ್ಟಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ: ಎಕ್ಸ್‌ಟಿಂಕ್ಷನ್ ಅಂದರೆ ಅಳಿಸುವುದಲ್ಲ, ಹೊಸದಾಗಿ ಕಲಿಯುವುದು. "ಈ ಜಾಗದಲ್ಲಿ, ಈ ಹೊತ್ತಿನಲ್ಲಿ, ಟೋನ್ ಆದಮೇಲೆ ಶಾಕ್ ಇಲ್ಲ" ಎಂಬಷ್ಟೇ ಹೊಸ ಪಾಠ. ಹಳೆಯ ಪಾಠ ಇಲಿಯ ಜೊತೆ ಎಲ್ಲ ಕಡೆಗೂ ಹೋಗುತ್ತದೆ. ಹೊಸದು ಕಲಿತ ಜಾಗಕ್ಕೇ ಅಂಟಿಕೊಂಡಿರುತ್ತದೆ.

ಹಾಗಾಗಿ ಸೆಷನ್ ಕೊನೆಯಲ್ಲಿ ಫ್ರೀಜಿಂಗ್ ಸೊನ್ನೆಗೆ ಬಂತು ಎಂದು ಖುಷಿಪಟ್ಟು ಮುಗಿಸುವಂತಿಲ್ಲ. ಆ ಸೊನ್ನೆ ನಾಳೆಯ ಬಗ್ಗೆ ಏನೂ ಹೇಳುವುದಿಲ್ಲ. ಭಯ ಯಾವ ಯಾವ ದಾರಿಯಲ್ಲಿ ಮರಳಬಹುದು ಎಂದು ಮೊದಲು ಯೋಚಿಸಿ, ಕೊನೆಯ ಪರೀಕ್ಷೆಯಿಂದ ಹಿಂದಕ್ಕೆ ಬರುತ್ತಾ ಇಡೀ ಪ್ರಯೋಗವನ್ನು ಕಟ್ಟಬೇಕು. ವರ್ತನೆಯ ಪ್ರಯೋಗಗಳನ್ನು ಹೊಸದಾಗಿ ಶುರು ಮಾಡುವ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಮರಳುವ ನಾಲ್ಕು ದಾರಿಗಳನ್ನು ಗುರುತು ಮಾಡಿಕೊಳ್ಳಿ

ಮೊದಲನೆಯದು ಸ್ಪಾಂಟೇನಿಯಸ್ ರಿಕವರಿ. ಸುಮ್ಮನೆ ದಿನಗಳು ಕಳೆದರೆ ಸಾಕು, ಭಯ ತಾನಾಗಿ ಮರಳುತ್ತದೆ. ಅಂತರ ಜಾಸ್ತಿಯಾದಷ್ಟೂ ಮರಳುವುದು ಜಾಸ್ತಿ.

ಎರಡನೆಯದು ರಿನ್ಯೂವಲ್. ಇದು ಜಾಗ ಬದಲಾದಾಗ ಆಗುವುದು. ಶಾಕ್ ಕೊಟ್ಟ ಪೆಟ್ಟಿಗೆ ಎ, ಎಕ್ಸ್‌ಟಿಂಕ್ಷನ್ ಮಾಡಿದ ಪೆಟ್ಟಿಗೆ ಬಿ ಎಂದುಕೊಳ್ಳಿ. ಇಲಿಯನ್ನು ಮತ್ತೆ ಎ ಪೆಟ್ಟಿಗೆಗೆ ತಂದರೆ ಭಯ ಜೋರಾಗಿ ಮರಳುತ್ತದೆ. ಇದಕ್ಕೆ ಎಬಿಎ ರಿನ್ಯೂವಲ್ ಎನ್ನುತ್ತಾರೆ. ಇಲಿ ಎಂದೂ ಶಾಕ್ ತಿನ್ನದ ಮೂರನೆಯ ಪೆಟ್ಟಿಗೆ ಸಿ ಒಳಗೂ ಭಯ ಮರಳುತ್ತದೆ, ಅದು ಎಬಿಸಿ. ಶಾಕ್ ಮತ್ತು ಎಕ್ಸ್‌ಟಿಂಕ್ಷನ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಆಗಿ ಪರೀಕ್ಷೆ ಮಾತ್ರ ಬೇರೆ ಕಡೆ ಆದರೆ ಎಎಬಿ. ಸಾಮಾನ್ಯವಾಗಿ ಎಬಿಎ ತುಂಬ ಬಲವಾಗಿರುತ್ತದೆ, ಎಎಬಿ ಸ್ವಲ್ಪ ಮೆತ್ತಗೆ.

ಮೂರನೆಯದು ರೀಇನ್‌ಸ್ಟೇಟ್‌ಮೆಂಟ್. ಟೋನ್ ಇಲ್ಲದೆ ಬರೀ ಶಾಕ್ ಒಂದೆರಡು ಸಲ ಬಿದ್ದರೂ, ಮುಂದೆ ಟೋನ್ ಕೇಳಿದಾಗ ಭಯ ವಾಪಸ್. ರೆಸ್ಕೋರ್ಲಾ ಮತ್ತು ಹೆತ್ 1975ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಇಲ್ಲೂ ಜಾಗದ ಪಾತ್ರ ದೊಡ್ಡದು. ಪರೀಕ್ಷೆ ಮಾಡುವ ಪೆಟ್ಟಿಗೆಯಲ್ಲೇ ಆ ಶಾಕ್ ಬಿದ್ದರೆ ಪರಿಣಾಮ ಎದ್ದು ಕಾಣುತ್ತದೆ.

ನಾಲ್ಕನೆಯದು ಬೇಗ ಮರುಕಲಿಕೆ. ಟೋನ್ ಮತ್ತು ಶಾಕನ್ನು ಮತ್ತೆ ಜೋಡಿಸಿದಾಗ ಮೊದಲ ಸಲಕ್ಕಿಂತ ವೇಗವಾಗಿ ಭಯ ಹತ್ತಿಕೊಳ್ಳುತ್ತದೆ.

ಒಂದು ಉಪಾಯ ಈ ನಾಲ್ಕರಲ್ಲಿ ಒಂದನ್ನು ತಡೆದ ಮಾತ್ರಕ್ಕೆ ಉಳಿದ ಮೂರನ್ನೂ ತಡೆಯಿತು ಎಂದಲ್ಲ. ಈ ವಿಷಯದ ಪ್ರಬಂಧಗಳನ್ನು ಓದುವಾಗ ಯಾವ ಪರೀಕ್ಷೆ ಮಾಡಿದ್ದಾರೆ ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ.

ಹಂತ 2: ಅನುಮತಿ ಮತ್ತು ಗುಂಪುಗಳು

ಭಾರತದಲ್ಲಿ ಇಂಥ ಕೆಲಸ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಫಾರ್ಮ್ ಬಿ ಸಲ್ಲಿಸಿ ಒಪ್ಪಿಗೆ ಪಡೆದೇ ಶುರು ಮಾಡಬೇಕು. ಶಾಕಿನ ಪ್ರಮಾಣ, ಎಷ್ಟು ಸಲ, ಎಷ್ಟು ಇಲಿಗಳು, ಅಷ್ಟೇ ಯಾಕೆ ಬೇಕು ಎಂಬುದನ್ನೆಲ್ಲ ಅದರಲ್ಲಿ ಬಿಡಿಸಿ ಬರೆಯಿರಿ. ಇದನ್ನು ಬರೀ ಕಾಗದದ ಕೆಲಸ ಎಂದುಕೊಳ್ಳಬೇಡಿ. ಗುಂಪುಗಳ ಲೆಕ್ಕ ಸರಿಯಿಲ್ಲದ ಪ್ರಯೋಗದಿಂದ ಉತ್ತರ ಸಿಗುವುದಿಲ್ಲ. ಉತ್ತರ ಸಿಗದಿದ್ದರೆ ಆ ಪ್ರಾಣಿಗಳು ಅನುಭವಿಸಿದ ನೋವು ವ್ಯರ್ಥ.

ಕನಿಷ್ಠ ಮೂರು ಗುಂಪುಗಳು ಬೇಕು: ಭಯ ಕಲಿತು ಎಕ್ಸ್‌ಟಿಂಕ್ಷನ್ ಪಡೆಯದ ಗುಂಪು, ಮಾಮೂಲಿ ಎಕ್ಸ್‌ಟಿಂಕ್ಷನ್ ಗುಂಪು, ನಿಮ್ಮ ಹೊಸ ಉಪಾಯದ ಗುಂಪು. ಕೊನೆಯ ಎರಡಕ್ಕೂ ಟೋನ್‌ಗಳ ಒಟ್ಟು ಸಂಖ್ಯೆ ಒಂದೇ ಇರಲಿ. ಇಲ್ಲದಿದ್ದರೆ ಉಪಾಯ ಕೆಲಸ ಮಾಡಿತೋ ಅಥವಾ ಜಾಸ್ತಿ ಟೋನ್ ಕೇಳಿದ್ದಕ್ಕೆ ಹಾಗಾಯಿತೋ ಹೇಳಲಾಗದು.

ಗಂಡು ಹೆಣ್ಣು ಎರಡನ್ನೂ ಸೇರಿಸಿ. ಹೆಣ್ಣಿಲಿಗಳಲ್ಲಿ ಋತುಚಕ್ರದ ಯಾವ ಘಟ್ಟದಲ್ಲಿ ಎಕ್ಸ್‌ಟಿಂಕ್ಷನ್ ಮಾಡುತ್ತೀರಿ ಎಂಬುದೂ ಮುಖ್ಯವಾಗುತ್ತದೆ. ಹಾರ್ಮೋನು ಏರಿರುವ ಪ್ರೋಈಸ್ಟ್ರಸ್ ಘಟ್ಟದಲ್ಲಿ ಕಲಿತ ಪಾಠ ಮರುದಿನ ಚೆನ್ನಾಗಿ ಉಳಿಯುತ್ತದೆ ಎಂದು 2009ರ ಒಂದು ಅಧ್ಯಯನ ತೋರಿಸಿದೆ. ವಯಸ್ಸನ್ನೂ ನೋಡಿಕೊಳ್ಳಿ. ಹದಿನೇಳು ದಿನದ ಆಸುಪಾಸಿನ ಮರಿಗಳಲ್ಲಿ ರಿನ್ಯೂವಲ್ ಕಾಣುವುದಿಲ್ಲ, ಇಪ್ಪತ್ನಾಲ್ಕು ದಿನದ ಹೊತ್ತಿಗೆ ಅದು ಬಂದುಬಿಡುತ್ತದೆ. ಮರಿಗಳಲ್ಲಿ ಸಿಕ್ಕ ಫಲಿತಾಂಶವನ್ನು ದೊಡ್ಡ ಇಲಿಗಳಿಗೆ ಹಾಗೇ ಹೊಂದಿಸಲಾಗದು.

ಹಂತ 3: ಪೆಟ್ಟಿಗೆಗಳನ್ನು ನಿಜವಾಗಿಯೂ ಬೇರೆ ಮಾಡಿ

ರಿನ್ಯೂವಲ್ ಪರೀಕ್ಷೆ ಪೂರ್ತಿ ನಿಂತಿರುವುದು ಈ ಹಂತದ ಮೇಲೆ. ನಮ್ಮ ಕಣ್ಣಿಗೆ ಬೇರೆಯಾಗಿ ಕಂಡರೆ ಸಾಲದು, ಇಲಿಗೆ ಬೇರೆಯಾಗಿ ಅನಿಸಬೇಕು. ಇಲಿ ಲೋಕವನ್ನು ಅರಿಯುವುದು ಹೆಚ್ಚಾಗಿ ಮೂಗು, ಮೀಸೆ ಮತ್ತು ಪಾದಗಳಿಂದ. ಎ ಪೆಟ್ಟಿಗೆಯಲ್ಲಿ ಸ್ಟೀಲ್ ಸರಳುಗಳ ನೆಲವಿದ್ದರೆ ಬಿ ಪೆಟ್ಟಿಗೆಯಲ್ಲಿ ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಕಿ. ಎ ಪೆಟ್ಟಿಗೆಯನ್ನು 70% ಆಲ್ಕೋಹಾಲಿನಿಂದ ಒರೆಸಿದರೆ ಬಿಗೆ 1% ಅಸಿಟಿಕ್ ಆಸಿಡ್ ಬಳಸಿ. ಗೋಡೆಯ ಆಕಾರ, ಬೆಳಕು, ಫ್ಯಾನಿನ ಸದ್ದು ಬದಲಾಯಿಸಿ. ಇಲಿಯನ್ನು ಒಯ್ಯುವ ಡಬ್ಬಿ ಮತ್ತು ದಾರಿಯೂ ಬೇರೆ ಆದರೆ ಇನ್ನೂ ಒಳ್ಳೆಯದು.

ಅರ್ಧ ಇಲಿಗಳಿಗೆ ಒಂದು ಪೆಟ್ಟಿಗೆ ಎ ಆಗಲಿ, ಉಳಿದ ಅರ್ಧಕ್ಕೆ ಅದೇ ಬಿ ಆಗಲಿ. ಇದನ್ನು ಬಿಟ್ಟರೆ ಒಂದು ಪೆಟ್ಟಿಗೆಯೇ ಸ್ವಲ್ಪ ಭಯ ಹುಟ್ಟಿಸುವಂಥದ್ದಾಗಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಸರಳುಗಳ ಮಧ್ಯೆ ಹಿಕ್ಕೆ, ಮೂತ್ರ ಸಿಕ್ಕಿಕೊಂಡರೆ ಕರೆಂಟ್ ಅಡ್ಡದಾರಿಯಲ್ಲಿ ಹರಿದು ಇಲಿಗೆ ಶಾಕ್ ಕಡಿಮೆ ತಾಗುತ್ತದೆ. ಪ್ರತಿ ಇಲಿಯ ನಂತರ ಒರೆಸಿ. ಶಾಕ್ ಪ್ರಮಾಣವನ್ನು ಸರಳುಗಳ ಮೇಲೇ ಮೀಟರ್ ಇಟ್ಟು ಅಳೆಯಿರಿ, ಯಂತ್ರದ ಮೇಲೆ ಬರೆದ ಅಂಕಿಯನ್ನು ಸುಮ್ನೆ ನಂಬಬೇಡಿ.

ಹಂತ 4: ಇಲಿಗಳನ್ನು ಒಗ್ಗಿಸಿ, ಸುತ್ತಲಿನ ಒತ್ತಡ ಇಳಿಸಿ

ಶಾಕಿಗೆ ಮುಂಚೆ ಕೆಲವು ದಿನ ಇಲಿಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ. ಆದಷ್ಟು ಒಬ್ಬರೇ ಕೊನೆವರೆಗೂ ಮಾಡಲಿ. ಗಂಡಸರ ಮೈವಾಸನೆಯೇ ಇಲಿಗಳಲ್ಲಿ ಒತ್ತಡ ಹುಟ್ಟಿಸುತ್ತದೆ ಎಂದು ಕೆನಡಾದ ಒಂದು ತಂಡ 2014ರಲ್ಲಿ ತೋರಿಸಿತು. ಅರ್ಧ ಪ್ರಯೋಗ ಒಬ್ಬ ಗಂಡಸು, ಉಳಿದರ್ಧ ಒಬ್ಬ ಹೆಂಗಸು ಮಾಡಿದರೆ ಅಂಕಿಗಳು ಕಲಸಿಹೋಗುವ ಸಾಧ್ಯತೆ ಇದೆ.

ಒತ್ತಡದ ವಿಷಯದಲ್ಲಿ ಬೆಂಗಳೂರಿನ ಕೆಲಸವೇ ಜಗತ್ತಿಗೆ ದಾರಿ ತೋರಿಸಿದೆ. ಆಗ ಎನ್‌ಸಿಬಿಎಸ್‌ನಲ್ಲಿದ್ದ (ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ) ಸುಮಂತ್ರ ಚಟರ್ಜಿ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಾ ಕಟ್ಟಿಹಾಕುವಂಥ ದೀರ್ಘ ಒತ್ತಡದಿಂದ ಹಿಪ್ಪೋಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗುತ್ತವೆ, ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಅವೇ ಕವಲುಗಳು ಬೆಳೆಯುತ್ತವೆ. ಅಂದರೆ ಜಾಗವನ್ನು ಗುರುತಿಸುವ ಭಾಗ ಸೊರಗಿ, ಭಯ ಹಿಡಿದಿಡುವ ಭಾಗ ಕೊಬ್ಬುತ್ತದೆ. ಪ್ರಾಣಿಮನೆಯಲ್ಲಿ ಕೆಟ್ಟ ಆರೈಕೆ, ಗಲಾಟೆ ಇದ್ದರೆ ನೀವು ಅಳೆಯುವ ಫಲಿತಾಂಶದ ಮೇಲೂ ಅದರ ನೆರಳು ಬೀಳುತ್ತದೆ, ಅಲ್ವಾ?

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಶಾಕ್ ತಿಂದ ಇಲಿ ಸುಮಾರು 22 ಕಿಲೋಹರ್ಟ್ಸ್‌ನಲ್ಲಿ ಎಚ್ಚರಿಕೆಯ ಕೂಗು ಹಾಕುತ್ತದೆ. ನಮಗೆ ಅದು ಕೇಳುವುದಿಲ್ಲ, ಪಕ್ಕದ ಪೆಟ್ಟಿಗೆಯ ಇಲಿಗೆ ಕೇಳುತ್ತದೆ. ಒಂದು ಇಲಿಗೆ ಕಂಡೀಷನಿಂಗ್ (ಟೋನ್ ಜೊತೆ ಶಾಕ್ ಜೋಡಿಸಿ ಭಯ ಕಲಿಸುವುದು) ನಡೆಯುವಾಗ ಅದೇ ಕೋಣೆಯಲ್ಲಿ ಇನ್ನೊಂದಕ್ಕೆ ಎಕ್ಸ್‌ಟಿಂಕ್ಷನ್ ಮಾಡಬೇಡಿ.

ಹಂತ 5: ಭಯ ಕಲಿಸುವುದು

ಇದು ಸುಲಭದ ಹಂತ. 2009ರಲ್ಲಿ ಮೋನ್‌ಫಿಲ್ಸ್, ಲೆಡೂ ಮತ್ತು ಜೊತೆಗಾರರು ಬಳಸಿದ ಕ್ರಮ ಒಳ್ಳೆಯ ಆಧಾರ: 20 ಸೆಕೆಂಡಿನ ಟೋನ್, ಅದು ಮುಗಿಯುವಾಗ 0.7 ಮಿಲಿಆಂಪಿಯರ್‌ನ ಅರ್ಧ ಸೆಕೆಂಡ್ ಶಾಕ್, ಒಟ್ಟು ಮೂರು ಸಲ. ಇದಕ್ಕಿಂತ ಜಾಸ್ತಿ ಶಾಕ್ ಕೊಟ್ಟರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂದೇನಿಲ್ಲ, ಎಕ್ಸ್‌ಟಿಂಕ್ಷನ್ ಮಾತ್ರ ಕಷ್ಟವಾಗುತ್ತದೆ. ಕೊನೆಯ ಟೋನ್‌ಗೆ ಎಷ್ಟು ಫ್ರೀಜ್ ಆಯಿತು ಎಂದು ನೋಡಿ, ಗುಂಪುಗಳು ಸಮವಾಗುವಂತೆ ಇಲಿಗಳನ್ನು ಹಂಚಿ.

ಹಂತ 6: ಎಕ್ಸ್‌ಟಿಂಕ್ಷನ್, ಆತುರವಿಲ್ಲದೆ

ಯಾವಾಗ ಶುರು ಮಾಡಬೇಕು? ಶಾಕ್ ಆದ ಕೂಡಲೇ ಎಕ್ಸ್‌ಟಿಂಕ್ಷನ್ ಮಾಡಿದರೆ ಭಯ ಬೇರೂರುವ ಮೊದಲೇ ಕಿತ್ತುಹಾಕಬಹುದು ಎಂದು ಅನಿಸುತ್ತದೆ. ಮೈಕೆಲ್ ಡೇವಿಸ್ ಅವರ ತಂಡ 2006ರಲ್ಲಿ ಹಾಗೆಯೇ ಕಂಡಿತು. ಅದೇ ವರ್ಷ ಮಾರೆನ್ ಮತ್ತು ಚಾಂಗ್ ಇದಕ್ಕೆ ವಿರುದ್ಧವಾದದ್ದನ್ನು ಕಂಡರು: 15 ನಿಮಿಷದಲ್ಲೇ ಎಕ್ಸ್‌ಟಿಂಕ್ಷನ್ ಮಾಡಿದ ಇಲಿಗಳಲ್ಲಿ ಮರುದಿನ ಭಯ ಹಾಗೇ ಇತ್ತು. ಶಾಕಿನ ಗಾಬರಿ ಇಳಿಯದ ಇಲಿ ಸುರಕ್ಷತೆಯ ಪಾಠವನ್ನು ಗಟ್ಟಿಯಾಗಿ ಕಲಿಯಲಾರದು. 24 ಗಂಟೆ ಕಾಯಿರಿ ಎಂಬುದೇ ನನ್ನ ಸಲಹೆ.

ಒಂದೇ ಸೆಷನ್‌ಗೆ ನಿಲ್ಲಿಸಬೇಡಿ. ಪೋರ್ಟೊ ರಿಕೋದಲ್ಲಿ ಮಿಲಾದ್ ಮತ್ತು ಕ್ವಿರ್ಕ್ 2002ರಲ್ಲಿ ಇಲಿಗಳ ಮಿದುಳಿನ ಮುಂಭಾಗದ ಇನ್‌ಫ್ರಾಲಿಂಬಿಕ್ ಕಾರ್ಟೆಕ್ಸ್‌ನ ನರಕೋಶಗಳ ಚಟುವಟಿಕೆಯನ್ನು ಅಳೆದರು. ಎಕ್ಸ್‌ಟಿಂಕ್ಷನ್ ನಡೆಯುವಾಗ ಅವು ಟೋನ್‌ಗೆ ಸ್ಪಂದಿಸಲಿಲ್ಲ. ಮರುದಿನ ಇಲಿ ಆ ಪಾಠವನ್ನು ನೆನಪಿಸಿಕೊಳ್ಳುವಾಗ ಸ್ಪಂದಿಸಿದವು. ಸೆಷನ್ ಒಳಗೆ ಕಾಣುವ ಇಳಿಕೆಯೇ ಬೇರೆ, ಉಳಿಯುವ ಕಲಿಕೆಯೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ನಾನು ಕಂಡಿಲ್ಲ. ಅದಕ್ಕೇ ಕೆಲವು ದಿನಗಳ ಮೇಲೆ ಹರಡಿ, ಪ್ರತಿದಿನ ಮೊದಲ ಒಂದೆರಡು ಟೋನ್‌ಗಳ ಫ್ರೀಜಿಂಗನ್ನು ಹಿಂದಿನ ದಿನದ ಕೊನೆಯ ಟೋನ್‌ಗಳ ಜೊತೆ ಹೋಲಿಸಿ ನೋಡಿ. ರಾತ್ರಿ ಕಳೆದ ಮೇಲಿನ ಈ ಜಿಗಿತ ದಿನೇದಿನೇ ಸಣ್ಣದಾಗುತ್ತಾ ಬಂದರೆ ಪಾಠ ಉಳಿಯುತ್ತಿದೆ ಎಂದರ್ಥ.

ಟೋನ್‌ಗಳ ನಡುವಿನ ಅಂತರವೂ ಉದ್ದ ಇರಲಿ. ಅಂತರ ಕೊಟ್ಟು ಮಾಡಿದ ಎಕ್ಸ್‌ಟಿಂಕ್ಷನ್ ಸ್ಪಾಂಟೇನಿಯಸ್ ರಿಕವರಿ, ರಿನ್ಯೂವಲ್ ಎರಡನ್ನೂ ತಗ್ಗಿಸುತ್ತದೆ ಎಂದು ರಾಲ್ಫ್ ಮಿಲ್ಲರ್ ಅವರ ಲ್ಯಾಬ್ 2009ರಲ್ಲಿ ತೋರಿಸಿದೆ. ಸಂಖ್ಯೆಯ ಬಗ್ಗೆಯೂ ಅದೇ ಲ್ಯಾಬಿನ ಕೆಲಸವಿದೆ. 2003ರಲ್ಲಿ ಅವರು 160 ಟ್ರಯಲ್ (ಶಾಕ್ ಇಲ್ಲದೆ ಸಂಕೇತ ಕೊಡುವ ಒಂದೊಂದು ಸರದಿ) ಮತ್ತು 800 ಟ್ರಯಲ್ ಹೋಲಿಸಿದರು. ರಿನ್ಯೂವಲ್ ಚೆನ್ನಾಗಿ ತಗ್ಗಿದ್ದು 800ರಲ್ಲಿ. ಸಮಯ ಇದ್ದರೆ ಜಾಸ್ತಿ ಮಾಡುವುದರಿಂದ ನಷ್ಟವಿಲ್ಲ.

ಹಂತ 7: ಪಾಠ ಬಲಪಡಿಸುವ ಉಪಾಯ ಆರಿಸಿಕೊಳ್ಳಿ

ಹಲವು ಜಾಗಗಳಲ್ಲಿ ಎಕ್ಸ್‌ಟಿಂಕ್ಷನ್ ಮಾಡುವುದು ನೇರವಾದ ಉಪಾಯ. ಹೊಸ ಪಾಠ ಒಂದೇ ಪೆಟ್ಟಿಗೆಗೆ ಅಂಟಿಕೊಳ್ಳುವುದೇ ತೊಂದರೆಯಾದರೆ, ಮೂರು ಪೆಟ್ಟಿಗೆಗಳಲ್ಲಿ ಕಲಿಸಿ. 1998ರಲ್ಲಿ ಮಿಲ್ಲರ್ ಲ್ಯಾಬಿಗೆ ಇದರಿಂದ ರಿನ್ಯೂವಲ್ ತಗ್ಗಿದ್ದು ಕಂಡಿತು. 2006ರಲ್ಲಿ ಬೌಟನ್ ಲ್ಯಾಬಿನಲ್ಲಿ ಪ್ರಯೋಜನ ಕಾಣಲಿಲ್ಲ. ಒಟ್ಟು ಟ್ರಯಲ್‌ಗಳು ಕಡಿಮೆಯಿದ್ದು, ಅವನ್ನು ಮೂರು ಕಡೆ ಹಂಚಿದರೆ ಪ್ರತಿ ಕಡೆಯೂ ಪಾಠ ಅರೆಬರೆ ಆಗಬಹುದು ಎಂಬುದು ನನ್ನ ಅಂದಾಜು. ಈ ದಾರಿ ಹಿಡಿದರೆ ಪ್ರತಿ ಪೆಟ್ಟಿಗೆಯಲ್ಲೂ ಪೂರ್ತಿ ಸೆಷನ್ ಕೊಡಿ.

ನೆನಪಿನ ಗುರುತು ಇಡುವುದು ಇನ್ನೊಂದು. ಎಕ್ಸ್‌ಟಿಂಕ್ಷನ್ ವೇಳೆ ಆಗಾಗ ಒಂದು ಸಣ್ಣ ಬೆಳಕೋ ಸದ್ದೋ ಕೊಟ್ಟು, ಪರೀಕ್ಷೆಯಲ್ಲಿ ಟೋನ್‌ಗೆ ಮುಂಚೆ ಅದನ್ನೇ ಕೊಟ್ಟರೆ ಹಳೆಯ ವರ್ತನೆ ಮರಳುವುದು ತಗ್ಗುತ್ತದೆ. ಬ್ರೂಕ್ಸ್ ಮತ್ತು ಬೌಟನ್ 1993ರಲ್ಲಿ ಆಹಾರದ ಪ್ರಯೋಗದಲ್ಲಿ ಇದನ್ನು ಕಂಡರು. ಆದರೆ ಗುರುತು ಇಲ್ಲದ ಕಡೆ ರಕ್ಷಣೆಯೂ ಇಲ್ಲ.

ನನಗೆ ತುಂಬ ಇಷ್ಟವಾಗುವುದು ಕ್ರಮೇಣ ಕಡಿಮೆ ಮಾಡುವ ವಿಧಾನ. ಶಾಕ್ ಒಮ್ಮೆಲೇ ನಿಂತರೆ ಇಲಿ "ಇದು ಬೇರೆಯೇ ಸನ್ನಿವೇಶ" ಎಂದು ಹೊಸ ನೆನಪು ಕಟ್ಟಿಕೊಳ್ಳುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಶಾಕ್ ನಿಧಾನವಾಗಿ ವಿರಳವಾಗುತ್ತಾ ಹೋದರೆ ಇಲಿ ಅದನ್ನು ಹಳೆಯ ಸನ್ನಿವೇಶದ್ದೇ ಮುಂದುವರಿಕೆ ಎಂದು ತಿಳಿದು ಹಳೆಯ ನೆನಪನ್ನೇ ತಿದ್ದುತ್ತದೆ. ಗರ್ಶ್‌ಮನ್, ಮೋನ್‌ಫಿಲ್ಸ್, ಯೇಲ್ ನೀವ್ ಮೊದಲಾದವರು 2013ರಲ್ಲಿ ಈ ವಾದವನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಶಾಕ್ ಕ್ರಮೇಣ ವಿರಳವಾದ ಗುಂಪಿನಲ್ಲಿ ಭಯ ಮರಳಲಿಲ್ಲ. ಅಷ್ಟೇ ಶಾಕ್‌ಗಳನ್ನು ಉಲ್ಟಾ ಕ್ರಮದಲ್ಲಿ, ಅಂದರೆ ಮೊದಲು ವಿರಳವಾಗಿ ಆಮೇಲೆ ಹೆಚ್ಚಾಗಿ, ಪಡೆದ ಗುಂಪಿಗೆ ಆ ಲಾಭ ಸಿಗಲಿಲ್ಲ. ಆ ಎರಡನೆಯ ಗುಂಪನ್ನು ನಿಮ್ಮ ಪ್ರಯೋಗದಲ್ಲೂ ಇಟ್ಟುಕೊಳ್ಳಿ. ಇಲ್ಲಿ ಇಲಿಗಳಿಗೆ ಹೆಚ್ಚುವರಿ ಶಾಕ್ ಬೀಳುತ್ತದೆ, ನೀತಿ ಸಮಿತಿಗೆ ಕಾರಣ ವಿವರಿಸಲೇಬೇಕು. ಅದು ಬೇಡವೆನಿಸಿದರೆ 2015ರ ಡನ್ಸ್‌ಮೋರ್ ತಂಡದ ದಾರಿ ಇದೆ: ಶಾಕ್ ಬರಬೇಕಾದ ಜಾಗದಲ್ಲಿ ಏನೂ ಇಲ್ಲದಿರುವ ಬದಲು ಒಂದು ಹೊಸ ಮೆಲುಸದ್ದು. ಇದರಿಂದ ಸ್ಪಾಂಟೇನಿಯಸ್ ರಿಕವರಿ ತಗ್ಗಿತು.

ಈಗ ಎಲ್ಲರೂ ಕೇಳುವ ರಿಟ್ರೀವಲ್-ಎಕ್ಸ್‌ಟಿಂಕ್ಷನ್. ಇದರ ಬೇರು 2000ದಲ್ಲಿ ನಾದರ್, ಶೇಫ್ ಮತ್ತು ಲೆಡೂ ಮಾಡಿದ ಕೆಲಸದಲ್ಲಿದೆ. ನೆನಪನ್ನು ಒಮ್ಮೆ ಕೆದಕಿದಾಗ ಅದು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಹಂತ 5ರಲ್ಲಿ ಹೇಳಿದ ಮೋನ್‌ಫಿಲ್ಸ್ ಮತ್ತು ಲೆಡೂ ತಂಡ 2009ರಲ್ಲಿ ಆ ಸಡಿಲ ಗಳಿಗೆಯಲ್ಲೇ ಎಕ್ಸ್‌ಟಿಂಕ್ಷನ್ ಮಾಡಿತು. ಮೊದಲು ಒಂದೇ ಒಂದು ಟೋನ್, 10 ನಿಮಿಷ ಅಥವಾ ಒಂದು ಗಂಟೆ ಬಿಡುವು, ಆಮೇಲೆ 18 ಟೋನ್. ಹೋಲಿಕೆಯ ಗುಂಪಿಗೆ ಒಟ್ಟಿಗೆ 19. ಒಂದು ತಿಂಗಳ ಮೇಲೂ ಮೊದಲ ಗುಂಪಿನಲ್ಲಿ ಭಯ ಮರಳಲಿಲ್ಲ. ಬಿಡುವು 6 ಅಥವಾ 24 ಗಂಟೆ ಆದರೆ ಲಾಭ ಮಾಯ.

ಇದು ಔಷಧ ಬೇಡದ, ಅಗ್ಗದ ದಾರಿ. ಆದರೆ ಎಲ್ಲ ಲ್ಯಾಬುಗಳಲ್ಲೂ ಇದು ನಿಂತಿಲ್ಲ. 2010ರಲ್ಲಿ ಸಿಡ್ನಿಯ ತಂಡಕ್ಕೆ ಇಲಿಗಳಲ್ಲಿ ಭಯ ಮರಳುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಿದ್ದು ಕಂಡಿತು. 2017ರಲ್ಲಿ ಬೆಲ್ಜಿಯಂನ ಲುಯ್ಟನ್ ಮತ್ತು ಬೆಕರ್ಸ್ ಯೋಜನೆಯನ್ನು ಮೊದಲೇ ನೋಂದಾಯಿಸಿ ಮೂಲ ಕ್ರಮವನ್ನು ಅನುಸರಿಸಿದರೂ ಪರಿಣಾಮ ಸಿಗಲಿಲ್ಲ. ಹೀಗಾಗಿ ಇದನ್ನೇ ನಂಬಿ ಪೂರ್ತಿ ಪ್ರಬಂಧ ಕಟ್ಟಬೇಡಿ. ಮಾಡುವುದಾದರೆ ಮಾಮೂಲಿ ಎಕ್ಸ್‌ಟಿಂಕ್ಷನ್ ಗುಂಪಿನಲ್ಲಿ ನಿಮ್ಮ ಲ್ಯಾಬಿನಲ್ಲಿ ಭಯ ನಿಜವಾಗಿ ಮರಳುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅಲ್ಲೇ ಮರಳದಿದ್ದರೆ ಉಪಾಯಕ್ಕೆ ತಡೆಯಲು ಏನೂ ಉಳಿದಿರುವುದಿಲ್ಲ.

ಔಷಧಗಳ ಬಗ್ಗೆ ಎರಡೇ ಮಾತು. ಡಿ-ಸೈಕ್ಲೋಸೆರಿನ್ ಎಕ್ಸ್‌ಟಿಂಕ್ಷನ್ ಬೇಗ ಆಗಲು ನೆರವಾಗುತ್ತದೆ ಎಂದು 2002ರಿಂದ ಗೊತ್ತು. ಆದರೆ ಅದು ರಿನ್ಯೂವಲ್ ತಡೆಯುವುದಿಲ್ಲ ಎಂದು ವುಡ್ಸ್ ಮತ್ತು ಬೌಟನ್ 2006ರಲ್ಲಿ ತೋರಿಸಿದರು. ಬೇಗ ಕಲಿಯುವುದಕ್ಕೂ ಎಲ್ಲ ಕಡೆ ಉಳಿಯುವುದಕ್ಕೂ ಸಂಬಂಧವಿಲ್ಲ.

ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು: 24 ಗಂಟೆ ಕಾದು, ಹಲವು ದಿನ, ಉದ್ದದ ಅಂತರ, ಎರಡು ಮೂರು ಪೆಟ್ಟಿಗೆ. ಇದನ್ನು ಗಟ್ಟಿ ಮಾಡಿಕೊಂಡು ಅದರ ಮೇಲೆ ಒಂದೇ ಒಂದು ಹೊಸ ಉಪಾಯ ಸೇರಿಸಿ ನೋಡಿ.

ಹಂತ 8: ಪರೀಕ್ಷೆ

ಪರೀಕ್ಷೆಯ ಟೋನ್‌ಗೂ ಶಾಕ್ ಇರುವುದಿಲ್ಲ. ಅಂದರೆ ಪರೀಕ್ಷೆಯೇ ಇನ್ನಷ್ಟು ಎಕ್ಸ್‌ಟಿಂಕ್ಷನ್. ಆದ್ದರಿಂದ ಎರಡರಿಂದ ನಾಲ್ಕು ಟೋನ್ ಸಾಕು. ಒಂದೇ ಇಲಿಗೆ ಎಲ್ಲ ಪರೀಕ್ಷೆ ಮಾಡಿದರೆ ಮೊದಲಿನದು ಮುಂದಿನದನ್ನು ಕೆಡಿಸುತ್ತದೆ. ಪ್ರತಿ ಪರೀಕ್ಷೆಗೆ ಬೇರೆ ಇಲಿಗಳಿದ್ದರೆ ಒಳ್ಳೆಯದು. ಪ್ರಾಣಿಗಳ ಸಂಖ್ಯೆ ಕಡಿಮೆ ಇಡಬೇಕಾದರೆ ಸ್ಪಾಂಟೇನಿಯಸ್ ರಿಕವರಿಯನ್ನು ಮೊದಲು ನೋಡಿ, ನಂತರ ರಿನ್ಯೂವಲ್, ನಂತರ ರೀಇನ್‌ಸ್ಟೇಟ್‌ಮೆಂಟ್. ಮರುಕಲಿಕೆ ಯಾವಾಗಲೂ ಕೊನೆಗೆ, ಅದರ ನಂತರ ಇಲಿ ಬೇರೆ ಯಾವ ಪರೀಕ್ಷೆಗೂ ಬರುವುದಿಲ್ಲ.

ಸ್ಪಾಂಟೇನಿಯಸ್ ರಿಕವರಿಯನ್ನು ಮರುದಿನವಷ್ಟೇ ನೋಡಿ ನಿಲ್ಲಿಸಬೇಡಿ, ಒಂದು ತಿಂಗಳ ಮೇಲೂ ನೋಡಿ. ರಿನ್ಯೂವಲ್‌ಗೆ ಎ ಪೆಟ್ಟಿಗೆ, ಸಿ ಪೆಟ್ಟಿಗೆ ಎರಡೂ ಬೇಕು. ರೀಇನ್‌ಸ್ಟೇಟ್‌ಮೆಂಟ್‌ಗೆ ಹಿಂದಿನ ದಿನ ಪರೀಕ್ಷೆಯ ಪೆಟ್ಟಿಗೆಯಲ್ಲೇ ಟೋನ್ ಇಲ್ಲದೆ ಶಾಕ್ ಕೊಡಿ, ಇನ್ನೊಂದು ಗುಂಪಿಗೆ ಅದೇ ಶಾಕನ್ನು ಬೇರೆ ಪೆಟ್ಟಿಗೆಯಲ್ಲಿ. ಪ್ರತಿ ಪರೀಕ್ಷೆಯಲ್ಲೂ ಟೋನ್ ಬರುವ ಮುಂಚಿನ ಒಂದೆರಡು ನಿಮಿಷದ ಫ್ರೀಜಿಂಗ್ ಅಳೆಯಿರಿ. ಅದೇ ಜಾಸ್ತಿಯಿದ್ದರೆ ಇಲಿ ಹೆದರುತ್ತಿರುವುದು ಪೆಟ್ಟಿಗೆಗೆ, ಟೋನ್‌ಗಲ್ಲ.

ಹಂತ 9: ಎಣಿಸುವುದು

ವಿಡಿಯೋ ನೋಡಿ ಎಣಿಸುವವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರಬಾರದು. ಸಾಫ್ಟ್‌ವೇರ್ ಬಳಸಿದರೂ ಕೆಲವು ವಿಡಿಯೋಗಳನ್ನು ಕಣ್ಣಾರೆ ನೋಡಿ ತಾಳೆ ಮಾಡಿ. ತೂಕಡಿಸುವ ಇಲಿಯನ್ನೂ ಸಾಫ್ಟ್‌ವೇರ್ ಫ್ರೀಜಿಂಗ್ ಎಂದೇ ಲೆಕ್ಕ ಹಾಕಬಹುದು. ಹೆಣ್ಣಿಲಿಗಳಲ್ಲಿ ಕೆಲವು ಮರಗಟ್ಟುವ ಬದಲು ಟೋನ್ ಕೇಳಿದ ಕೂಡಲೇ ಸರ್ರನೆ ಓಡುತ್ತವೆ ಎಂದು 2015ರಲ್ಲಿ ರೆಬೆಕಾ ಶಾನ್ಸ್ಕಿ ಅವರ ಲ್ಯಾಬ್ ತೋರಿಸಿದೆ. ಫ್ರೀಜಿಂಗ್ ಒಂದನ್ನೇ ಎಣಿಸಿದರೆ ಅಂಥ ಇಲಿ ಭಯವೇ ಇಲ್ಲದ್ದು ಎಂದು ದಾಖಲಾಗುತ್ತದೆ. ಓಟವನ್ನೂ ಬೇರೆಯಾಗಿ ಎಣಿಸಿ.

ಪ್ರತಿ ಇಲಿಗೂ ಎಕ್ಸ್‌ಟಿಂಕ್ಷನ್‌ನ ಕೊನೆಯ ಟೋನ್‌ಗಳ ಸರಾಸರಿ ಮತ್ತು ಪರೀಕ್ಷೆಯ ಮೊದಲ ಟೋನ್‌ಗಳ ಸರಾಸರಿ ಪಕ್ಕಪಕ್ಕ ಇಡಿ. ಭಯ ಮರಳಿದ ಪ್ರಮಾಣ ಈ ವ್ಯತ್ಯಾಸದಲ್ಲಿದೆ. ಪರೀಕ್ಷೆಯ ಅಂಕಿ ಒಂದನ್ನೇ ನೋಡಿದರೆ, ಮೊದಲೇ ಸರಿಯಾಗಿ ಇಳಿಯದ ಇಲಿಯನ್ನು ಭಯ ಮರಳಿದ ಇಲಿ ಎಂದು ತಪ್ಪು ತಿಳಿಯುತ್ತೇವೆ. ಯಾವ ಮಟ್ಟಕ್ಕೆ ಇಳಿಯದಿದ್ದರೆ ಇಲಿಯನ್ನು ಲೆಕ್ಕದಿಂದ ಬಿಡುತ್ತೀರಿ ಎಂಬ ನಿಯಮವನ್ನು ಮೊದಲ ಇಲಿ ಪೆಟ್ಟಿಗೆಗೆ ಇಳಿಯುವ ಮುಂಚೆಯೇ ಬರೆದಿಡಿ. ಬಿಟ್ಟ ಇಲಿಗಳ ಸಂಖ್ಯೆಯನ್ನು ಗುಂಪುವಾರು ವರದಿಯಲ್ಲಿ ಕೊಡಿ. ಹೊಸ ಉಪಾಯದ ಗುಂಪಿನಿಂದಲೇ ಜಾಸ್ತಿ ಇಲಿಗಳು ಹೊರಬಿದ್ದಿದ್ದರೆ, ಉಳಿದವುಗಳಲ್ಲಿ ಕಂಡ ಒಳ್ಳೆಯ ಫಲಿತಾಂಶ ಉಪಾಯದ್ದಲ್ಲ, ಆಯ್ಕೆಯದ್ದು.